ಎದುರಾಳಿ ಬಾರದ ಫೈನಲ್

ಅತ್ತಿಗುಪ್ಪೆಯ ಮೆಟ್ರೋ ಹತ್ತಿರ ಹೊಸದಾಗಿ ಒಂದು ಬಾಕ್ಸಿಂಗ್ ಜಿಮ್ ಆಗಿದೆ. ಮೊನ್ನೆ ಹಾಲು ತರಲು ಹೋದವನು ಅದರ ಬಾಗಿಲಲ್ಲಿ ನಿಂತುಬಿಟ್ಟೆ. ಒಳಗಿನಿಂದ ಬೆವರು ಕುಡಿದ ಗ್ಲೌಸಿನ ವಾಸನೆ ಬರುತ್ತಿತ್ತು. ಬೇರೆಯವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಪ್ರಾಯ ನೆನಪಾಗುತ್ತದೆ. ಆಗ ನಾನೂ ಹೆವಿವೇಯ್ಟ್. ಈಗ ಗಾಳಿ ಬೀಸಿದರೆ ಗೋಡೆ ಹಿಡಿಯುತ್ತೇನೆ.

ಗೋಡೆಯ ಮೇಲೆ ಹಳೆಯ ಚಾಂಪಿಯನ್‌ಗಳ ಚಿತ್ರಗಳಿದ್ದವು. "ನಮ್ಮ ಕಾಮಾಕ್ಷಿಪಾಳ್ಯದ ನಂಜಪ್ಪನ ಫೋಟೋನೂ ಹಾಕಪ್ಪ. ಇಡೀ ರಾಜ್ಯಕ್ಕೇ ಹೆವಿವೇಯ್ಟ್ ಚಾಂಪಿಯನ್ ಆಗಿದ್ದ" ಎಂದೆ.

ಜಿಮ್‌ನ ಕೋಚ್ ನಕ್ಕ. "ಯಾರು, ವಾಕೋವರ್ ನಂಜಪ್ಪನಾ? ಫೈನಲ್‌ನಲ್ಲಿ ಒಂದು ಪಂಚೂ ಹೊಡೀದೆ ಗೆದ್ದೋರು ಅಂತಾರಲ್ಲ ಸಾರ್!"

ಆ ಅಡ್ಡಹೆಸರು ಇಟ್ಟವನು ನಾನೇ.

ಹೆವಿವೇಯ್ಟ್‌ಗಳ ಹಣೆಬರಹವೇ ಹಾಗೆ, ಸ್ವಾಮಿ. ಗೆದ್ದ ದಿನ ಹೆಗಲ ಮೇಲೆ ಹೊರುತ್ತೇವೆ. ಹತ್ತು ವರ್ಷ ಕಳೆದರೆ, ಅವನ ಕಾಲದಲ್ಲಿ ಒಳ್ಳೆಯವರೇ ಇರಲಿಲ್ಲ ಎನ್ನುತ್ತೇವೆ. ಇನ್ನೂ ಹತ್ತು ಕಳೆದರೆ, ಅವನು ಸೋಲಿಸಿದ್ದೆಲ್ಲ ಮುದುಕರನ್ನೇ ಎನ್ನುತ್ತೇವೆ. ಒಂದು ಏಟೂ ತಿನ್ನದವರು ಇಡ್ಲಿ ತಿನ್ನುತ್ತ ತೀರ್ಪು ಕೊಡುತ್ತೇವೆ. ಕೆಲವರ ಹೆಸರು ಸತ್ತ ಮೇಲೆ ಮತ್ತೆ ಏರುವುದೂ ಉಂಟು. ನಂಜಪ್ಪನದು ಬದುಕಿರುವಾಗಲೇ ಇಳಿಯಿತು. ಕೆಳಗೆಳೆದವನು ನಾನು.

ಆ ಫೈನಲ್‌ನಲ್ಲಿ ಅವನ ಎದುರಾಳಿ ನಾನಾಗಿದ್ದೆ. ಸೆಮಿಫೈನಲ್‌ನಲ್ಲಿ ಅವನ ಬಲಗೈ ಏಟಿಗೆ ಒಬ್ಬ ದಾಂಡಿಗ ಬಿದ್ದು, ಎದ್ದವನು ತನ್ನ ಮೂಲೆ ಯಾವುದೆಂದು ತಿಳಿಯದೆ ನಂಜಪ್ಪನ ಮೂಲೆಗೇ ಹೋಗಿ ಕೂತದ್ದನ್ನು ನೋಡಿದ್ದೆ. ಮರುದಿನ ಜ್ವರ ಎಂದು ಹೇಳಿಕಳುಹಿಸಿ, ಪಂದ್ಯ ನಡೆಯುವ ಜಾಗದ ಎದುರಿನ ಟೀ ಅಂಗಡಿಯಲ್ಲಿ ಅಡಗಿ ಕೂತೆ. ಎದುರಾಳಿ ಬರದಿದ್ದರೂ ಬಾಕ್ಸರ್ ಗ್ಲೌಸ್ ಹಾಕಿಕೊಂಡು ರಿಂಗ್ ಹತ್ತಬೇಕು, ಗಂಟೆ ಹೊಡೆಯಬೇಕು, ಅದು ನಿಯಮ. ಗಂಟೆ ನನಗೆ ಕೇಳಿಸಿತು. ನಾನು ಬರುವ ದಾರಿಯನ್ನೇ ನೋಡುತ್ತ ಅವನು ಒಬ್ಬನೇ ನಿಂತಿದ್ದನಂತೆ. ಆಮೇಲೆ ಅವನ ಕೈ ಎತ್ತಿದರು.

ಯಾರಾದರೂ ನನ್ನನ್ನು ಹೇಡಿ ಅನ್ನುವ ಮೊದಲೇ ಊರೆಲ್ಲ ಸಾರಿಕೊಂಡು ಬಂದೆ. "ಜ್ವರ ಇಲ್ದಿದ್ರೆ ಕಥೆನೇ ಬೇರೆ ಇತ್ತು ಗುರು. ಅವನು ವಾಕೋವರ್ ನಂಜಪ್ಪ!" ಜನ ನಕ್ಕರು. ಸೆಮಿಫೈನಲ್ ಮರೆತುಹೋಯಿತು, ನಗು ಉಳಿಯಿತು.

ಮೊನ್ನೆ ಜಿಮ್‌ನಿಂದ ಮನೆಗೆ ಹೋಗಲು ಕಾಲು ಬರಲಿಲ್ಲ. ನೇರವಾಗಿ ಕಾಮಾಕ್ಷಿಪಾಳ್ಯದ ಬಸ್ ಹತ್ತಿದೆ. ನಂಜಪ್ಪ ಬಾಗಿಲು ತೆರೆದು, ಕುರ್ಚಿ ಒರೆಸಿ ಕೂರಿಸಿದ.

"ಅವತ್ತು ನಂಗೆ ಜ್ವರ ಇರ್ಲಿಲ್ಲ ಕಣೋ. ಹೆದ್ರಿಕೊಂಡಿದ್ದೆ."

ಬೈಯಲಿ ಎಂದು ಕಾದೆ.

"ಹಂಗಾದ್ರೆ ನೀನು ಬಂದಿದ್ರೂ ನಾನು ಗೆಲ್ತಿದ್ನಾ?"

ಅವನು ನಿಜಕ್ಕೂ ಕೇಳುತ್ತಿದ್ದ. ಇಷ್ಟು ವರ್ಷ ಊರಿನ ಜೊತೆಗೆ ಅವನೂ ತನ್ನ ಮೇಲೆ ಅನುಮಾನಪಟ್ಟಿದ್ದ.

"ಮೊದಲ ರೌಂಡಲ್ಲೇ ನೀನು ಗೆಲ್ತಿದ್ದೆ."

"ಲೇ, ಒಲೆ ಆರಿಸಿ ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದ. "ಇವನು ಏನು ಹೇಳ್ತಾನೆ ನೀನೂ ಕೇಳು." ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳೋ" ಎಂದ.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ನಾನು ಎದ್ದು ನಿಂತು ಮತ್ತೆ ಹೇಳಿದೆ.

ಈಗ ನಿಮಗೆ ಹೇಳುತ್ತಿರುವುದು ಮೂರನೆಯ ಸಲ. ಇನ್ನೂ ಸಲೀಸಾಗಿಲ್ಲ.