ಪುರಸಭೆಯ ಮೊಂಡು ಪಿಕಾಸಿಗಳು

ಶಹಾಬಾದಿನ ಬಸ್ಸು ಇನ್ನೂ ಬಂದಿರಲಿಲ್ಲ. ಕೂತು, ಎದ್ದು, ಕಂಟ್ರೋಲರನ್ನು ಮೂರು ಸಲ ಕೇಳಿ, ಕೊನೆಗೆ ನಿಲ್ದಾಣದ ಎದುರಿನ ಬಯಲಿಗೆ ಹೋಗಿ ನಿಂತೆ. ಅಲ್ಲಿ ಅಲೆಮಾರಿ ಕಮ್ಮಾರರ ನಾಲ್ಕು ಗುಡಾರಗಳೂ ಎತ್ತಿನ ಗಾಡಿಗಳೂ ಇದ್ದವು. ಪುರಸಭೆಯ ಜವಾನ ಅವರಿಗೆ ನೋಟೀಸು ಓದಿ ಹೇಳುತ್ತಿದ್ದ: ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಓದಿ ಮುಗಿಸಿದವನೇ ಸೈಕಲ್ಲಿನಿಂದ ಐದು ಮೊಂಡು ಪಿಕಾಸಿಗಳನ್ನು ಇಳಿಸಿದ.

"ಹೋಗೂದ್ರೊಳಗ ಇವನ್ನಷ್ಟು ಹರಿತ ಮಾಡಿ ಕೊಡವ್ವ. ಪುರಸಭೆದವು."

ನನಗೆ ಮೈಯೆಲ್ಲ ಉರಿಯಿತು. ಕುಲುಮೆಯ ಮುಂದೆ ಕೂತಿದ್ದ ಮುದುಕಿ ಒಂದನ್ನು ಕೆಂಡಕ್ಕಿಟ್ಟಳು. ಮಗಳು ತಿದಿ ಒತ್ತಿದಳು. ಗಂಡಸರು ಆಗಲೇ ಗುಡಾರದ ಹಗ್ಗ ಬಿಚ್ಚುತ್ತಿದ್ದರು. ನಾಲ್ಕು ಪಿಕಾಸಿ ಮುಗಿದ ಮೇಲೆ ಮುದುಕಿ ಕೇಳಿದಳು, "ಎಲ್ಲಿ ಅಗೀಲಿಕ್ಕ ಸಾಹೇಬ್ರ?"

ಜವಾನ ನೆಲ ನೋಡಿದ. "ಇಲ್ಲೇ. ನಾಳಿ ಬಯಲಿನ ಸುತ್ತ ತಗ್ಗು ತೋಡ್ತಾರ. ಮತ್ತ ಯಾರ ಗಾಡೀನೂ ಇಳೀಬಾರ್ದಂತ."

ಸುತ್ತಿಗೆ ನಿಂತಿತು. ನನ್ನ ಬಸ್ಸು ಬಂದು ಹಾರ್ನ್ ಹಾಕಿತು, ನಾನು ಹತ್ತಲಿಲ್ಲ.

ಮುದುಕಿ ಮುಗಿಸಿದ್ದ ನಾಲ್ಕನ್ನೂ ಎತ್ತಿ ಮತ್ತೆ ಕೆಂಡಕ್ಕಿಟ್ಟಳು.

"ಈ ಮೊನಿ ಸಾಲಂಗಿಲ್ರಿ. ಒಂದು ಗೇಣಿನ ಕೆಳಗ ಪರ್ಸಿ ಕಲ್ಲಿನ ಗಟ್ಟಿ ಹಾಸದ. ಗೂಟ ಬಡದೀವಿ, ನಮಗ ಗೊತ್ತದ."