ತಿದ್ದದೆ ಬಿಟ್ಟ ಒಂದು ಅಂಕಿ

ಚಳಿಗಾಲದ ಬೆಳಿಗ್ಗೆ ಜೋನಿಬೆಲ್ಲ, ನಮ್ಮ ಕಡೆಯ ನೀರುಬೆಲ್ಲ, ಸೌಟಿನಿಂದ ಇಳಿಯುವುದನ್ನು ನೀವು ತಾಳ್ಮೆಯಿಂದ ನೋಡಿದ್ದೀರೋ ಇಲ್ಲವೋ ನಾನರಿಯೆ. ಮೊನ್ನೆ ಶಿರಸಿಯ ನಮ್ಮ ಮನೆಯಲ್ಲಿ ಸೊಸೆ ದೋಸೆಯ ಮೇಲೆ ಸೌಟು ಬಗ್ಗಿಸಿ ನಿಂತಳು. ಬೆಲ್ಲವೂ ನಿಂತೇ ಇತ್ತು. "ಇದು ಇಳಿಯೋದ್ರೊಳಗೆ ದೋಸೆ ತಣ್ಣಗಾಗ್ತು, ಮಾವ" ಎಂದು ನಕ್ಕಳು. ನಾನು ನಗಲಿಲ್ಲ. ದ್ರವವೊಂದು ಹರಿಯಲೊಲ್ಲದೆ ಹಿಡಿಯುವ ಈ ಹಠವನ್ನು ಭೌತಶಾಸ್ತ್ರದಲ್ಲಿ ಸ್ನಿಗ್ಧತೆ ಎನ್ನುತ್ತಾರೆ. ಆ ಪದ ನೆನಪಾದರೆ ನನಗೆ ಪರಮೇಶ್ವರ ಮಾಸ್ತರು ನೆನಪಾಗುತ್ತಾರೆ, ಊಟದ ರುಚಿ ಕೆಡುತ್ತದೆ.

ಅವಮಾನಗಳ ವಿಷಯದಲ್ಲಿ ನನ್ನ ನೆನಪು ಬಹಳ ಗಟ್ಟಿ. ಇದೇನೂ ದೊಡ್ಡ ಗುಣವಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆ ಮಾತನ್ನೂ ನಾನು ಮರೆತಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ ಕೆಲವು ವರ್ಷಗಳಾಗಿದ್ದವು. ಪೇಟೆಯಲ್ಲಿ ಸೇರು ಹೋಗಿ ಕಿಲೋ ಬರುತ್ತಿತ್ತು. ಆಗಷ್ಟೇ ಶಿರಸಿಯಲ್ಲಿ ವಿಜ್ಞಾನದ ಶಿಕ್ಷಕನಾಗಿ ಸೇರಿದ್ದ ನಾನು, ಸುತ್ತಲಿನ ಶಾಲೆಗಳ ಶಿಕ್ಷಕರ ಸಭೆಯಲ್ಲಿ ಹೊಸ ಅಳತೆಗಳ ಕುರಿತು ಮಾತನಾಡಿದೆ. ಇಂಗ್ಲಿಷ್ ಪುಸ್ತಕದಲ್ಲಿ ಕಾಕಂಬಿಗೆ ಕೊಟ್ಟಿದ್ದ ಸ್ನಿಗ್ಧತೆಯ ಅಂಕಿಯನ್ನು ಜೋನಿಬೆಲ್ಲಕ್ಕೆ ಅಂಟಿಸಿ ಗಂಭೀರವಾಗಿ ಹೇಳಿದೆ. ಸಿದ್ದಾಪುರದ ಶಾಲೆಯ ಪರಮೇಶ್ವರ ಮಾಸ್ತರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಕುಳಿತಲ್ಲಿಂದಲೇ ಕೇಳಿದರು:

"ಯಾವ ತಿಂಗಳಿನ ಜೋನಿ, ತಮಾ?"

ನಾನು ಕೈಯಲ್ಲಿದ್ದ ಪುಸ್ತಕದ ಪುಟ ತಿರುವತೊಡಗಿದೆ. ಅವರೇ ಮುಂದುವರಿಸಿದರು:

"ಚಳೀಲಿ ಒಂದು ನಮೂನಿ, ಬ್ಯಾಸಗೇಲಿ ಒಂದು ನಮೂನಿ. ನಿನ್ನ ಪುಸ್ತಕಕ್ಕೆ ಜೋನಿ ಗೊತ್ತಿಲ್ಲೆ."

ಹತ್ತೊಂಬತ್ತು ಜನ ನಕ್ಕರು. ಅವರ ಹೆಸರುಗಳನ್ನು ಈಗಲೂ ಹೇಳಬಲ್ಲೆ. ಉಷ್ಣತೆಯನ್ನು ಹೇಳದೆ ಸ್ನಿಗ್ಧತೆಯನ್ನು ಹೇಳುವುದರಲ್ಲಿ ಅರ್ಥವಿಲ್ಲ. ಮಾಸ್ತರ ಮಾತು ಶಾಸ್ತ್ರೀಯವಾಗಿ ಪೂರ್ತಿ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ನನಗೆ ಹೆಚ್ಚು ಉರಿಯಿತು.

ಮರುವರ್ಷ ಅದೇ ಮಾಸ್ತರು ಬಸ್ಸಿನಲ್ಲಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ದಪ್ಪ ನೋಟ್‌ಬುಕ್ಕು. ಹಳೆಯ ಅಳತೆಗಳನ್ನು ಮೆಟ್ರಿಕ್ಕಿಗೆ ತಿರುಗಿಸುವ ಬಗೆಯನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆದಿದ್ದರು. ಸೇರು, ಮಣ, ಗಜಗಳಿಂದ ಹೊರಟು ಸ್ನಿಗ್ಧತೆಯವರೆಗೂ ಹೋಗಿದ್ದರು. ಅದಕ್ಕಾಗಿ ಮನೆಯಲ್ಲೇ ಗಾಜಿನ ಕೊಳವೆಯಲ್ಲಿ ಜೋನಿ ತುಂಬಿ, ಸೈಕಲ್ ಬೇರಿಂಗಿನ ಗುಂಡು ಬಿಟ್ಟು, ಅದು ಇಳಿಯುವ ವೇಳೆಯನ್ನು ಅಳೆದಿದ್ದರು. ಅವರ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ವಿದ್ಯಾಧಿಕಾರಿಗಳು ಬರುವವರಿದ್ದರು. ಅವರು ಮೆಚ್ಚಿ ನಾಲ್ಕು ಸಾಲು ಬರೆದುಕೊಟ್ಟರೆ ಪುಸ್ತಕ ಅಚ್ಚು ಹಾಕಲು ಶಿರಸಿಯ ಮುದ್ರಕರೊಬ್ಬರು ಒಪ್ಪಿದ್ದರು.

"ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಇಂಥದ್ದೊಂದು ಇಲ್ಲೆ, ತಮಾ. ನಿನ್ನ ಕಣ್ಣು ಚೂಪು. ತಪ್ಪಿದ್ರೆ ಮುಲಾಜಿಲ್ದೆ ತಿದ್ದು" ಎಂದರು.

ಸಭೆಯ ಆ ಮಾತು ಅವರಿಗೆ ನೆನಪೇ ಇರಲಿಲ್ಲ. ಇದು ನನಗೆ ಎರಡನೆಯ ಅವಮಾನವಾಗಿ ಕಂಡಿತು.

ಪೆನ್ಸಿಲು ಹಿಡಿದು ಓದಿದೆ. ನಲವತ್ತೊಂದನೆಯ ಪುಟದಲ್ಲಿ ಸ್ನಿಗ್ಧತೆಯ ಕೋಷ್ಟಕವಿತ್ತು. ಇಂಗ್ಲಿಷರ ಪೌಂಡು ಎರಡು ವೇಷ ಹಾಕುತ್ತದೆ: ಒಮ್ಮೆ ಅದು ವಸ್ತುವಿನ ದ್ರವ್ಯರಾಶಿ, ಇನ್ನೊಮ್ಮೆ ಆ ರಾಶಿಯನ್ನು ಭೂಮಿ ಎಳೆಯುವ ಬಲ. ದ್ರವ್ಯರಾಶಿಯ ಪೌಂಡಿನಿಂದ ಹೊರಟರೆ ಸ್ನಿಗ್ಧತೆಯ ಮೆಟ್ರಿಕ್ ಮಾನವಾದ ಪಾಯ್ಸ್‌ಗೆ ಬರಲು 14.88ರಿಂದ ಗುಣಿಸಬೇಕು; ಬಲದ ಪೌಂಡಿನಿಂದ ಹೊರಟರೆ 478.8ರಿಂದ. ಎರಡಕ್ಕೂ ಮೂವತ್ತೆರಡು ಪಟ್ಟು ಅಂತರ. ಮಾಸ್ತರು ತಮ್ಮ ಪ್ರಯೋಗದ ಲೆಕ್ಕವನ್ನೆಲ್ಲ ಬಲದ ಪೌಂಡಿನಲ್ಲಿ ಮಾಡಿ, ಅದರ ಮುಂದೆ 478.8ರ ಬದಲು 14.88 ಎಂದು ಬರೆದಿದ್ದರು.

ಹಿಂದಿನ ಪುಟದಲ್ಲಿ ಬಿಟ್ಟುಹೋಗಿದ್ದ ಸೊನ್ನೆಯೊಂದನ್ನು ಸೇರಿಸಿದ್ದೆ. ಮುಂದಿನ ಪುಟದಲ್ಲಿ ಕಾಗುಣಿತವನ್ನು ಸರಿಪಡಿಸಿದೆ. ಈ ಅಂಕಿಯನ್ನು ಮಾತ್ರ ನೋಡಿಯೂ ಮುಟ್ಟಲಿಲ್ಲ. "ಚೊಲೋ ಆಜು, ಮಾಸ್ತರೇ" ಎಂದು ಹೊಗಳಿ ನೋಟ್‌ಬುಕ್ಕನ್ನು ಹಿಂದಿರುಗಿಸಿದೆ.

ಮೂರು ವಾರಗಳ ಬಳಿಕ ಸಿದ್ದಾಪುರದ ಪ್ರದರ್ಶನದಲ್ಲಿ ಆ ಕೋಷ್ಟಕ ದೊಡ್ಡ ಹಾಳೆಯ ಮೇಲೆ ಗೋಡೆಗೇರಿತ್ತು. ಕೊಳವೆಯ ಜೋನಿಯಲ್ಲಿ ಗುಂಡು ನಿಧಾನವಾಗಿ ಇಳಿಯುತ್ತಿತ್ತು. ವಿದ್ಯಾಧಿಕಾರಿಗಳು ಬಗ್ಗಿ ನೋಡುತ್ತಿದ್ದರು. ನಾನು ಮುಂದೆ ಬಂದು ಕೇಳಿದೆ:

"ಈ ಜೋನಿಗೆ ಎಷ್ಟು ಬಂತು, ಮಾಸ್ತರೇ?"

"ಪೌಂಡಿನ ಲೆಕ್ಕದಲ್ಲಿ ದಶಾಂಶ ಮೂರು."

"ಹದಿನಾಲ್ಕು ದಶಾಂಶ ಎಂಟು ಎಂಟರಿಂದ ಗುಣಿಸಿದ್ರೆ ನಾಲ್ಕೂವರೆ ಪಾಯ್ಸೂ ಆಗ್ತಿಲ್ಲೆ. ಈ ಚಳೀಲಿ ಹರಳೆಣ್ಣೆಯೇ ಅದಕ್ಕಿಂತ ಮಂದ ಇರ್ತು. ಹಂಗಾದ್ರೆ ಗುಂಡು ಎಂತಕ್ಕೆ ಹಿಂಗೆ ತೆವಳ್ತಾ ಇದ್ದು? ಯಾವ ತಿಂಗಳಿನ ಜೋನಿ ಇದು?"

ಎಲ್ಲರೂ ನಕ್ಕರು. ಈ ಸಲ ನಾನು ಎಣಿಸಲಿಲ್ಲ.

ಮಾಸ್ತರು ಗೋಡೆಯ ಹಾಳೆಯ ಹತ್ತಿರ ಹೋಗಿ ಆ ಅಂಕಿಯ ಮೇಲೆ ಬೆರಳಿಟ್ಟರು. ಆಮೇಲೆ ನನ್ನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ನೀ ಓದಿದ್ಯಲಾ ತಮಾ, ಆವಾಗ ಕಂಡಿದ್ದಿಲ್ಯ?" ಎಂದರು.

"ಇಲ್ಲೆ" ಎಂದೆ.

"ತಿದ್ದಿ ಮತ್ತೊಮ್ಮೆ ತೋರಿಸಿ" ಎಂದು ಅಧಿಕಾರಿಗಳು ಸೌಜನ್ಯದಿಂದಲೇ ಹೇಳಿ ಹೋದರು. ತಿದ್ದಬೇಕಾದದ್ದು ಒಂದೇ ಅಂಕಿ. ಆದರೆ ಪುಸ್ತಕ ಬರಲಿಲ್ಲ. ಮಾಸ್ತರಿಗೆ ಸೋಲು ತಡೆದುಕೊಳ್ಳಲು ಬರುವುದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಎರಡು ವರ್ಷಗಳ ನಂತರ ಕೆಲಸದ ಮೇಲೆ ಯಲ್ಲಾಪುರಕ್ಕೆ ಹೋದಾಗ, ಅಲ್ಲಿಗೆ ವರ್ಗವಾಗಿದ್ದ ಅವರೇ ದಾರಿಯಲ್ಲಿ ಕಂಡು ಮನೆಗೆ ಕರೆದೊಯ್ದರು. ಚಹಾ ಕೊಟ್ಟರು. ಪುಸ್ತಕವನ್ನು ಯಾಕೆ ಬಿಟ್ಟಿರಿ ಎಂದು ನಾನೇ ಕೇಳಿದೆ. ನೊಂದಿದ್ದಾರೆಂದು ಅವರ ಬಾಯಿಂದ ಕೇಳುವ ಆಸೆ ಇನ್ನೂ ಉಳಿದಿತ್ತು.

"ಬೇಜಾರಿಂದ ಬಿಟ್ಟಿದ್ದಲ್ಲ, ತಮಾ" ಎಂದರು. "ನಿನ್ನಂಥವನ ಕಣ್ಣಿಗೇ ಸಿಗದ ತಪ್ಪು ಅದ್ರಲ್ಲಿ ಇತ್ತು ಅಂದ್ರೆ, ಇನ್ನೆಷ್ಟು ಇದ್ದೋ ಯಾರಿಗೆ ಗೊತ್ತು? ಮಕ್ಕಳ ಕೈಗೆ ಕೊಡಲೆ ಧೈರ್ಯ ಬಂಜಿಲ್ಲೆ."

ಅವರು ನನ್ನ 'ಇಲ್ಲೆ'ಯನ್ನು ನಂಬಿದ್ದರು. ಉಳಿದ ಪುಟಗಳಲ್ಲಿ ತಪ್ಪಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮತ್ತೆ ಅವರನ್ನು ಕಾಣಲಿಲ್ಲ, ಈಗ ಅವರಿಲ್ಲ.

ಆ ಪುಸ್ತಕ ಈಗ ಯಾರಿಗೂ ಬೇಕಿಲ್ಲ. ಬೇಕಿದ್ದ ವರ್ಷಗಳಲ್ಲಿ ಮೂರು ತಾಲೂಕಿನ ಮಕ್ಕಳು ಅರ್ಧ ಅರ್ಥವಾಗುವ ಇಂಗ್ಲಿಷಿನಲ್ಲಿ ಅದೇ ಲೆಕ್ಕವನ್ನು ಬಾಯಿಪಾಠ ಮಾಡಿದರು. ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು.

ಇಂದು ಬೆಳಿಗ್ಗೆ ಒಂದು ಹಾಳೆಯ ಮೇಲೆ 14.88 ಎಂದು ಬರೆದೆ. ಕೈಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಹೊಡೆದುಹಾಕಿ, ಮೇಲೆ 478.8 ಎಂದು ತಿದ್ದಿದೆ. ಈ ವಯಸ್ಸಿನ ಕೈಗೂ ಹನ್ನೊಂದು ಸೆಕೆಂಡು ಸಾಕಾಯಿತು.