ಬೈರಿಗೆ ಮಾವ ನಡೆದ ದಾರಿ

ಮರುಭೂಮಿಯ ಮರಗಳನ್ನು ಅಧ್ಯಯನ ಮಾಡುವ ಆ ಕೇಂದ್ರದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಬೈರಿಗೆ ಮಾವ. ಜಾಲಿ ಮರದ ಕಾಂಡಕ್ಕೆ ಟೊಳ್ಳು ಬೈರಿಗೆ ತಿರುಗಿಸಿ, ಪರೀಕ್ಷೆಗೆಂದು ಪೆನ್ಸಿಲ್ ದಪ್ಪದ ಕಟ್ಟಿಗೆಯ ಎಳೆಯನ್ನು ಮುರಿಯದಂತೆ ಹೊರಗೆಳೆಯುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಅಂಗೈ ದಡ್ಡುಗಟ್ಟಿತ್ತು, ಜಂಬವೂ ಅಷ್ಟೇ ಗಟ್ಟಿಯಾಗಿತ್ತು. ದೊಡ್ಡ ದೊಡ್ಡ ಡಿಗ್ರಿಯವರು ಎಳೆ ಮುರಿದುಕೊಂಡರೆ, "ಮರಕ್ಕೆ ನೋವಾಗ್ದಂಗೆ ತಿರುಗಿಸ್ಬೇಕು ಸ್ವಾಮೀ, ಇದೇನು ಬಾವಿ ತೋಡೋ ಕೆಲ್ಸಾನಾ?" ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

ಆ ವರ್ಷ ತೋಪಿಗೆ ಕರಿಗೆರೆ ರೋಗ ಬಿತ್ತು. ಮೊದಲು ರೆಂಬೆಯ ತುದಿ ಒಣಗುತ್ತದೆ, ಆಮೇಲೆ ಕಾಂಡದಿಂದ ಕಪ್ಪು ಅಂಟು ಸೋರುತ್ತದೆ. ಎಳೆ ತೆಗೆದು ನೋಡಿದರೆ ಒಳಗೆ ಕಪ್ಪು ಗೆರೆ. ಗೆರೆ ಕಂಡ ಮರ ಸೌದೆಯಾಯಿತೆಂದೇ ಲೆಕ್ಕ. ಅರವತ್ತು ಮರಗಳಲ್ಲಿ ಹನ್ನೊಂದು ಹಾಗೆ ಹೋಗಿದ್ದವು. ಕೇಂದ್ರದ ಮುಖ್ಯಸ್ಥೆ ಮೇಡಂ ಕೆಲಸ ಬಲ್ಲವರು, ತಾಳ್ಮೆ ಮಾತ್ರ ಸ್ವಲ್ಪ ಕಡಿಮೆ. ಅವರ ಅನುಮಾನ ಮರಕುಟಿಗದ ಮೇಲೆ. ರೋಗದ ಮರ ಕುಟ್ಟಿದ ಕೊಕ್ಕಿನಿಂದಲೇ ಅದು ಒಳ್ಳೆಯ ಮರವನ್ನೂ ಕುಟ್ಟುತ್ತದೆ, ಬೂಷ್ಟು ಹಾಗೆಯೇ ಸಾಗುತ್ತದೆ ಎಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಪೊಟರೆಗಳಿಗೆಲ್ಲ ಸಿಮೆಂಟ್ ತುಂಬಬೇಕೆಂದು ಆದೇಶವಾಯಿತು. ಮೂವತ್ತೊಂದನೆಯ ಮರದ ಪೊಟರೆಯಲ್ಲಿ ಕಣ್ಣು ಬಿಡದ ಮೂರು ಮರಿಗಳಿದ್ದವು. ಅವನ್ನು ಪೆಟ್ಟಿಗೆಗೆ ತೆಗೆದಿಡಬೇಕಂತೆ. ಪೆಟ್ಟಿಗೆಯಲ್ಲಿ ಅವು ಎರಡು ದಿನ ಬದುಕಿದರೆ ಹೆಚ್ಚು ಎಂದು ಬೈರಿಗೆ ಮಾವನಿಗೆ ಗೊತ್ತಿತ್ತು.

"ಸತ್ತ ಮರಗಳಿಗೆ ನಕ್ಷೇಲಿ ಕೆಂಪು ಗುಂಡುಸೂಜಿ ಚುಚ್ಚಿಡಿ. ಯಾವ್ದು ಮೊದ್ಲು ಒಣಗ್ತೋ ಆ ಕ್ರಮದಲ್ಲೇ," ಎಂದು ಹೇಳಿ ಮೇಡಂ ಊಟಕ್ಕೆ ಹೋದರು.

ಅವನು ಚುಚ್ಚುತ್ತಾ ಹೋದ. ನಾಲ್ಕು, ಒಂಬತ್ತು, ಹದಿನೇಳು, ಇಪ್ಪತ್ತೆರಡು. ಐದನೆಯ ಸೂಜಿಗೆ ಅವನ ಬೆರಳು ಪಟ್ಟಿ ನೋಡುವ ಮೊದಲೇ ಮೂವತ್ತೆಂಟರ ಮೇಲೆ ಹೋಗಿ ನಿಂತಿತ್ತು. ಪಂಪ್ ಶೆಡ್ಡಿನಿಂದ ಹೊರಟು, ಹಾವಿನ ಕಾಟದ ಮುಳ್ಳುಮೆಳೆ ಬಳಸಿಕೊಂಡು, ನೆರಳಿದ್ದ ಕಡೆಯೇ ಹೆಜ್ಜೆ ಹಾಕುವ ಅಂಕುಡೊಂಕು ದಾರಿಯನ್ನೇ ಸೂಜಿಗಳು ತೋರಿಸುತ್ತಿದ್ದವು. ಆ ದಾರಿಯಲ್ಲಿ ನಡೆಯುವ ಪ್ರಾಣಿ ಇಡೀ ತೋಪಿನಲ್ಲಿ ಒಂದೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಆದರೂ ಅವನ ಕೈ ಸೊಂಟದ ಬೈರಿಗೆಯನ್ನು ಮುಟ್ಟಿತು.

ಪ್ರತಿ ಮರ ಕೊರೆದ ಮೇಲೆ ಬೈರಿಗೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಬೇಕೆಂಬುದು ನಿಯಮ. ಆ ಬಿಸಿಲಿಗೆ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಸ್ಪಿರಿಟ್ ಹಾರಿಹೋಗುತ್ತದೆ. ಹಾಗಾಗಿ ಅವನು ತೋಪಿನಲ್ಲಿ ಅದನ್ನು ಬಟ್ಟೆಯಿಂದ ಒರೆಸಿ, ಸಂಜೆ ಬೈರಿಗೆಗೆ ಒಂದೇ ಸಲ ಸ್ನಾನ ಮಾಡಿಸುತ್ತಿದ್ದ. ತಿಂಗಳ ಬಾಟಲಿ ಮೂರು ತಿಂಗಳು ಬರುತ್ತಿತ್ತು. ಜಾಣ ಎಂದು ಹೊಗಳಿಸಿಕೊಂಡಿದ್ದ. ಕೊರೆತದ ದಾಖಲೆ ಪುಸ್ತಕದಲ್ಲಿ ಮಾತ್ರ ಪ್ರತಿ ಮರದ ಮುಂದೆ 'ಶುದ್ಧ ಮಾಡಿದೆ' ಎಂದು ಕೂತಲ್ಲೇ ಒಟ್ಟಿಗೆ ಗೀಚಿ ಮುಗಿಸುತ್ತಿದ್ದ. ಹೋದ ವರ್ಷ ನಾಲ್ಕನೆಯ ಮರಕ್ಕೆ ಗೆರೆ ಮೂಡುವ ಮೊದಲೇ ರೋಗ ಹತ್ತಿದ್ದಿರಬೇಕು; ಅದನ್ನು ಕೊರೆದ ದಿನ, ಅದರ ಬೆನ್ನಿಗೆ ಕೊರೆದ ಮರಗಳೇ ಈಗ ಸತ್ತಿದ್ದವು. ಸಂಜೆಯ ಸ್ನಾನವಾದ ಮೇಲೆ ಮರುದಿನ ಕೊರೆದ ಒಂದಕ್ಕೂ ಏನೂ ಆಗಿರಲಿಲ್ಲ. ಮರಕುಟಿಗ ಮೈತುಂಬ ಕುಟ್ಟಿ ತೂತು ಮಾಡಿದ್ದ ಮೂವತ್ತೊಂದು ಹಸಿರಾಗಿಯೇ ಇತ್ತು. ಗೂಡು ಕೆಡಬಾರದೆಂದು ಅದನ್ನವನು ಎರಡು ವರ್ಷದಿಂದ ಕೊರೆದಿರಲಿಲ್ಲ.

ಸಂಜೆ ಹೆಂಡತಿಗೆ ಹೇಳಿಕೊಂಡ. ಅವಳು ಆಸ್ಪತ್ರೆಯಲ್ಲಿ ನರ್ಸ್. ಕೇಳುತ್ತಾ ಕೇಳುತ್ತಾ ತಟ್ಟೆ ಪಕ್ಕಕ್ಕಿಟ್ಟಳು.

"ಒಂದೇ ಸೂಜೀನ ಹನ್ನೆರಡು ಜನಕ್ಕೆ ಚುಚ್ಚಿದೀನಿ ಅಂತ ನಾನು ಬಂದು ಹೇಳಿದ್ರೆ ನೀವೇನಂತಿದ್ರಿ?"

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು ಕಣೇ. ನಾಲ್ಕು ತಿಂಗ್ಳು ಬಾಯಿ ಮುಚ್ಕೊಂಡಿದ್ರೆ ಮರ್ಯಾದೆಯಿಂದ ಮನೆಗೆ ಬರ್ತೀನಿ."

"ಬನ್ನಿ. ಬಂದ್ಮೇಲೆ ನಿದ್ದೆ ಮಾಡ್ತೀರಾ, ಅಷ್ಟು ಹೇಳಿ."

ಅವನು ಅವಳ ತಟ್ಟೆಯನ್ನೂ ಎತ್ತಿಕೊಂಡು ತೊಳೆಯಲು ಹೋದ. ನಿಜ ಹೇಳಬೇಕೆಂದರೆ ಅವನಿಗೆ ತುಂಬ ಭಯವಾಗಿತ್ತು.

ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಗಾರೆಯವನು ಸಿಮೆಂಟ್ ಕಲಸಿಕೊಂಡು ಮೂವತ್ತೊಂದಕ್ಕೆ ಏಣಿ ಹಾಕಿದ್ದ. ಮೇಡಂ ಪಕ್ಕದಲ್ಲೇ ನಿಂತಿದ್ದರು. ತಾಯಿ ಹಕ್ಕಿ ರೆಂಬೆಯಿಂದ ರೆಂಬೆಗೆ ಹಾರುತ್ತಾ ಅರಚುತ್ತಿತ್ತು. ಗಾರೆಯವನ ಕಾಲು ಮೂರನೆಯ ಮೆಟ್ಟಿಲಿನ ಮೇಲಿತ್ತು. ಬೈರಿಗೆ ಮಾವ ಓಡಿಹೋಗಿ ಏಣಿ ಹಿಡಿದುಕೊಂಡ.

"ಹಕ್ಕಿ ಅಲ್ಲ ಮೇಡಂ. ನಾನು."

"ಏನು ನೀವು?"

"ರೋಗ ಹಂಚಿದ್ದು."

ಅವನು ಎಲ್ಲ ಹೇಳಿದ. ಬಟ್ಟೆಯ ವಿಷಯ, ಬಾಟಲಿಯ ವಿಷಯ, ಪುಸ್ತಕದ ಸುಳ್ಳು. ಮೇಡಂ ಬಯ್ಯುತ್ತಾರೆಂದು ತಲೆ ತಗ್ಗಿಸಿ ಕಾದ. ಅವರು ಬಯ್ಯಲಿಲ್ಲ. ಗಾರೆಯವನಿಗೆ ಇಳಿಯಲು ಹೇಳಿ, ಅವನ ಕೈಯಿಂದ ಕೊರೆತದ ಪುಸ್ತಕ ತೆಗೆದುಕೊಂಡು ತೆರೆದರು.

"ಆವತ್ತು ಹನ್ನೆರಡು ಮರ ಕೊರೆದಿದೀರಿ. ಸತ್ತಿದ್ದು ಹನ್ನೊಂದು. ಕೊನೇದು ಯಾವ್ದು?"

ಇಷ್ಟು ಹೊತ್ತು ಇದೊಂದನ್ನು ಅವನು ಯೋಚಿಸಿರಲಿಲ್ಲ. ಅಥವಾ ಯೋಚಿಸಲು ಒಪ್ಪಿರಲಿಲ್ಲ.

"ಐವತ್ತೆರಡು."

ಮಗಳು ಹುಟ್ಟಿದ ವಾರ ಅವನೇ ನೆಟ್ಟ ಮರ ಅದು. ಮಗಳಿಗೀಗ ಇಪ್ಪತ್ನಾಲ್ಕು, ಬೇರೆ ಊರಿನಲ್ಲಿ ಶಾಲೆಯ ಟೀಚರ್. ಫೋನ್ ಮಾಡಿದಾಗಲೆಲ್ಲ ಅವಳ ಮೊದಲ ಮಾತು, "ನನ್ನ ಮರ ಹೇಗಿದೆಯಪ್ಪಾ?"

ಐವತ್ತೆರಡು ತುದಿಯವರೆಗೂ ಹಸಿರಾಗಿತ್ತು. "ಬೇರೆಯವ್ರು ಕೊರೀಲಿ ಬಿಡಿ," ಎಂದರು ಮೇಡಂ. ಅವನು ಬಿಡಲಿಲ್ಲ. ಬೈರಿಗೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಒಣಗುವವರೆಗೆ ಕಾದು, ತಿರುಗಿಸತೊಡಗಿದ. ಎಳೆ ಮುರಿಯದೆ ಇಡಿಯಾಗಿ ಹೊರಬಂತು. ಅದರ ನಡುವೆ ಕೂದಲಿನಷ್ಟು ತೆಳ್ಳಗೆ ಕಪ್ಪು ಗೆರೆಯಿತ್ತು.

ರೋಗ ಬೇರಿನ ಮೂಲಕ ಅಕ್ಕಪಕ್ಕದ ಮರಗಳಿಗೆ ದಾಟುವ ಮೊದಲು ಕಡಿಯಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಮರ ಉರುಳಿತು. ಮೂವತ್ತೊಂದರಲ್ಲಿ ತಾಯಿ ಹಕ್ಕಿ ಮತ್ತೆ ಪೊಟರೆಯೊಳಗೆ ಹೋಗಿತ್ತು. ಪುಸ್ತಕದಲ್ಲಿ ಆ ದಿನದ ಹನ್ನೆರಡು ಸಾಲುಗಳನ್ನೂ ಹೊಡೆದುಹಾಕಿ, ಪ್ರತಿಯೊಂದರ ಮುಂದೆ 'ಶುದ್ಧ ಮಾಡಿರಲಿಲ್ಲ' ಎಂದು ಬರೆದು ಸಹಿ ಹಾಕಿದ. ಮೇಲಿನವರು ಏನು ಮಾಡುತ್ತಾರೋ ಮೇಡಂಗೂ ಗೊತ್ತಿರಲಿಲ್ಲ.

ಸಂಜೆ ಫೋನ್ ಬಂತು.

"ನನ್ನ ಮರ ಹೇಗಿದೆಯಪ್ಪಾ?"

ಹೆಂಡತಿ ಫೋನ್ ಇಸಿದುಕೊಳ್ಳಲು ಕೈ ಚಾಚಿದಳು. ಅವನು ಕೊಡಲಿಲ್ಲ.

"ಇವತ್ತು ಕಡಿಸಿದೆ ಕಣಮ್ಮಾ," ಎಂದ. "ಅದಕ್ಕೆ ರೋಗ ಹಚ್ಚಿದ್ದು ನಾನೇ."